ನೋಟ್ಸ್, ಪ್ರಾಜೆಕ್ಟ್ ಎಲ್ಲಕ್ಕೂ ಒಂದೇ ಆ್ಯಪ್: ದುಡ್ಡು ಕಟ್ಟುವ ಮುಂಚೆ ಪರೀಕ್ಷೆ ಮಾಡುವುದು ಹೇಗೆ

ಕೆಂಗೇರಿಯ ಒಂದು ಫ್ಲ್ಯಾಟ್‌ನಲ್ಲಿ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೂರಿಸುವಾಗ ಗೋಡೆಗೂ ಕಲ್ಲಿಗೂ ನಡುವೆ ಮೂರು ಇಂಚು ಸಂದು ಉಳಿಯಿತು. ಕಟ್ಟೆಯ ಉದ್ದ 9 ಅಡಿ 4 ಇಂಚು. ಜಿಗಣಿಯಲ್ಲಿ ಕಲ್ಲು ಕತ್ತರಿಸಿದ್ದು 9 ಅಡಿ 1 ಇಂಚಿಗೆ. ಕತ್ತರಿಸಿದವರ ತಪ್ಪಲ್ಲ, ನಾವೇ ಕಳಿಸಿದ ಅಳತೆ ಅದು. ಆಗ ಬಳಸುತ್ತಿದ್ದ ಒಂದು ಆ್ಯಪ್‌ನ ಪುಟದಲ್ಲಿ ಯಾರದೋ ಬೆರಳು ತಾಗಿ 4 ಹೋಗಿ 1 ಆಗಿತ್ತು. ಯಾವತ್ತು ಬದಲಾಯಿತು ಅಂತ ನೋಡಲು ಹೋದರೆ, ನಾವಿದ್ದ ಉಚಿತ ಪ್ಲಾನ್‌ನಲ್ಲಿ ಅಷ್ಟು ಹಿಂದಿನ ಪ್ರತಿ ಇರಲಿಲ್ಲ. ಸ್ಲ್ಯಾಬ್‌ನ ದುಡ್ಡು ನಮ್ಮ ಕೈಯಿಂದ ಹೋಯಿತು. ಗೃಹಪ್ರವೇಶಕ್ಕೆ ಹತ್ತೇ ದಿನ ಇತ್ತು. ಆ ಮನೆಯವರಿಗೆ ಫೋನ್ ಮಾಡಿ ಹೇಳುವುದು ದುಡ್ಡಿಗಿಂತ ಜಾಸ್ತಿ ಕಷ್ಟ ಆಯಿತು.

ನಾನು ಬೆಂಗಳೂರಿನಲ್ಲಿ ಮನೆಗಳ ಒಳಾಂಗಣ ಕೆಲಸ ಮಾಡಿಸುತ್ತೇನೆ. ನಾವು ಆರು ಜನ: ನಾನು, ಡಿಸೈನ್ ಮಾಡುವ ಇಬ್ಬರು, ಲೆಕ್ಕ ನೋಡುವ ಹುಡುಗ, ಸೈಟ್ ನೋಡುವ ಹುಡುಗ, ಕಾರ್ಪೆಂಟರ್ ಮೇಸ್ತ್ರಿ. ಕಲ್ಲಿನ ಪ್ರಸಂಗ ಆದಮೇಲೆ ಆ್ಯಪ್ ಆರಿಸುವ ನನ್ನ ಕ್ರಮವೇ ಬದಲಾಯಿತು. ಮುಂಚೆ ಕಂಪನಿಯವರ ವಿಡಿಯೋ ನೋಡಿ, ಚೆಂದ ಇದೆ ಅನ್ನಿಸಿದರೆ ಶುರು ಮಾಡುತ್ತಿದ್ದೆ. ಈಗ ನಮ್ಮದೇ ಒಂದು ಮುಗಿದ ಕೆಲಸವನ್ನು ಅದರೊಳಗೆ ಹಾಕಿ, ಎಲ್ಲಿ ಮುರಿಯುತ್ತದೆ ಅಂತ ಹುಡುಕುತ್ತೇನೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮದು ಕೇಟರಿಂಗ್ ಆಗಿರಲಿ, ಟ್ಯೂಷನ್ ಆಗಿರಲಿ, ನಾಟಕ ತಂಡ ಆಗಿರಲಿ, ಹೆಚ್ಚುಕಮ್ಮಿ ಇದೇ ದಾರಿ.

ಮೊದಲು: ಇವು ಎಂಥ ಆ್ಯಪ್‌ಗಳು?

ನೋಶನ್, ಕೋಡಾ, ಕ್ಲಿಕ್‌ಅಪ್, ಎನಿಟೈಪ್, ಮೈಕ್ರೋಸಾಫ್ಟ್ ಲೂಪ್ ಇವೆಲ್ಲ ಒಂದೇ ಆಸೆ ತೋರಿಸುತ್ತವೆ: ಟಿಪ್ಪಣಿ, ಕೆಲಸದ ಪಟ್ಟಿ, ಕ್ಯಾಲೆಂಡರ್, ಕಡತ ಎಲ್ಲ ಒಂದೇ ಜಾಗದಲ್ಲಿ. ಅಬ್ಸಿಡಿಯನ್, ಜಾಪ್ಲಿನ್ ಮುಖ್ಯವಾಗಿ ಟಿಪ್ಪಣಿಗೆ ಹುಟ್ಟಿದವು. ಬರೆದದ್ದನ್ನು ಅವು ನಿಮ್ಮ ಕಂಪ್ಯೂಟರ್‌ನಲ್ಲೇ ಇಡುತ್ತವೆ.

ಒಂದು ವಿಷಯ ಅರ್ಥ ಆದರೆ ಮೊದಲ ಗುಂಪಿನ ಬಹುಪಾಲು ಆ್ಯಪ್‌ಗಳು ಅರ್ಥ ಆಗುತ್ತವೆ. ಎಕ್ಸೆಲ್‌ನಲ್ಲಿ ಒಂದು ಸಾಲು ಅಂದರೆ ಬರೀ ಸಾಲು. ಇಲ್ಲಿ ಒಂದೊಂದು ಸಾಲೂ ಒಂದು ಪುಟ. "ಕೆಂಗೇರಿ ಫ್ಲ್ಯಾಟ್" ಅನ್ನುವ ಸಾಲು ಒತ್ತಿದರೆ ಒಳಗೆ ಅಳತೆ, ಫೋಟೋ, ಮನೆಯವರ ಜೊತೆ ಆದ ಮಾತು ಎಲ್ಲ ತೆರೆದುಕೊಳ್ಳುತ್ತದೆ. ಅದೇ ಪಟ್ಟಿಯನ್ನು ಒಮ್ಮೆ ಟೇಬಲ್ ಆಗಿ, ಒಮ್ಮೆ ಕ್ಯಾಲೆಂಡರ್ ಆಗಿ, ಒಮ್ಮೆ "ಬಾಕಿ, ನಡೀತಿದೆ, ಮುಗಿದಿದೆ" ಅನ್ನುವ ಬೋರ್ಡ್ ಆಗಿ ನೋಡಬಹುದು. ಮಾಹಿತಿ ಒಂದೇ, ನೋಡುವ ಬಗೆ ಬೇರೆ. ಇವುಗಳ ನಿಜವಾದ ಬಲ ಇದು. ಉಳಿದದ್ದು ಅಲಂಕಾರ.

ಹಂತ 1: ಒಂದು ವಾರ ಸುಮ್ನೆ ಗಮನಿಸಿ, ಐದು ಪ್ರಶ್ನೆ ಬರೆಯಿರಿ

ಯಾವ ಆ್ಯಪ್ ಅಂತ ಇನ್ನೂ ಯೋಚಿಸಬೇಡಿ. ಒಂದು ಕಾಗದ ತಗೊಳ್ಳಿ. ಒಂದು ವಾರ, ಯಾವುದಾದರೂ ಮಾಹಿತಿ ಹುಡುಕಿ ಸುಸ್ತಾದಾಗೆಲ್ಲ ಅಲ್ಲೇ ಬರೆದಿಡಿ: ಏನು ಹುಡುಕಿದಿರಿ, ಎಲ್ಲಿ ಸಿಕ್ಕಿತು.

ನಮ್ಮ ಕಾಗದದಲ್ಲಿ ಬಂದದ್ದು ಹೀಗೆ. ಮೈಕಾ ಶೀಟ್‌ನ ನಂಬರ್ ವಾಟ್ಸ್‌ಆ್ಯಪ್‌ನಲ್ಲಿ ಇತ್ತು, ಅದೂ ಶುಭೋದಯದ ಚಿತ್ರಗಳ ನಡುವೆ. ಬಾಗಿಲಿನ ಅಳತೆ ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಇತ್ತು, ಆ ತುಂಡು ಹೆಣ್ಣೂರಿನ ಸೈಟ್‌ನಲ್ಲಿ ಇತ್ತು. ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ಲೈಟ್ ತಂದ ಬಿಲ್ ನನ್ನ ಬ್ಯಾಗ್‌ನಲ್ಲಿ ಇತ್ತು. ಕಳೆದ ವರ್ಷದ ಕೊಟೇಶನ್ ಬಿಟ್ಟುಹೋದ ಡಿಸೈನರ್‌ನ ಮೇಲ್‌ನಲ್ಲಿ ಇತ್ತು.

ವಾರ ಮುಗಿದಮೇಲೆ ಆ ಕಾಗದದಿಂದ ಐದು ಪ್ರಶ್ನೆ ಆರಿಸಿ. ನಮ್ಮವು ಇವು. ನಾಳೆ ಯಾರು ಯಾವ ಸೈಟ್‌ಗೆ ಹೋಗಬೇಕು? ಈ ಅಡುಗೆಮನೆಯ ಕೊನೆಯ, ಒಪ್ಪಿಗೆ ಆದ ಅಳತೆ ಯಾವುದು? ಈ ಮನೆಗೆ ಹಾಕಿದ ಮೈಕಾ ಯಾವ ಕಂಪನಿಯದು, ಯಾವ ನಂಬರ್? ಯಾರಿಂದ ಎಷ್ಟು ದುಡ್ಡು ಬರಬೇಕು? ಇಂಥದ್ದೇ ಕೆಲಸಕ್ಕೆ ಹೋದ ಸಲ ಎಷ್ಟು ಕೋಟ್ ಮಾಡಿದ್ದೆವು?

ಈ ಐದೇ ಪ್ರಶ್ನೆಪತ್ರಿಕೆ. ಆ್ಯಪ್‌ನಲ್ಲಿ ಇನ್ನು ನೂರು ಸೌಲಭ್ಯ ಇದ್ದರೂ ಈ ಐದಕ್ಕೆ ಬೇಗ ಉತ್ತರ ಸಿಗದಿದ್ದರೆ ಅದು ನಿಮಗಲ್ಲ. ಪ್ರಶ್ನೆ ಬರೆಯದೆ ಆ್ಯಪ್ ನೋಡಲು ಕೂತರೆ, ಅದು ತೋರಿಸಿದ್ದೆಲ್ಲ ಬೇಕು ಅನ್ನಿಸುತ್ತದೆ.

ಹಂತ 2: ಒಳಗೆ ಹೋಗುವ ಮುಂಚೆ ಹೊರಗೆ ಬರುವ ಬಾಗಿಲು ನೋಡಿ

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನು ಮೊದಲ ದಿನವೇ ಮಾಡುತ್ತೇನೆ.

ಯಾಕೆ ಅಂದರೆ ಆ್ಯಪ್‌ಗಳು ಬದಲಾಗುತ್ತವೆ, ಕೈ ಬದಲಾಗುತ್ತವೆ, ಮುಚ್ಚಿಹೋಗುತ್ತವೆ. ಕೆಲಸದ ಪಟ್ಟಿಗೆ ಬಹಳ ಜನ ನಂಬಿಕೊಂಡಿದ್ದ ವುಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ 2020ರ ಮೇ ತಿಂಗಳಲ್ಲಿ ಮುಚ್ಚಿತು. ಟಿಪ್ಪಣಿಯ ಆ್ಯಪ್ ಎವರ್‌ನೋಟ್‌ನ ಉಚಿತ ಪ್ಲಾನ್ 2023ರ ಡಿಸೆಂಬರ್‌ನಲ್ಲಿ 50 ನೋಟ್‌ಗೆ, ಒಂದೇ ನೋಟ್‌ಬುಕ್‌ಗೆ ಇಳಿಯಿತು. ಸ್ಕಿಫ್ ಅನ್ನುವ ಇಮೇಲ್, ಕಡತಗಳ ಸೇವೆಯನ್ನು 2024ರ ಫೆಬ್ರವರಿಯಲ್ಲಿ ನೋಶನ್ ಕೊಂಡಿತು, ಸೇವೆ ಮುಚ್ಚುತ್ತದೆ ಅಂತಲೂ ಹೇಳಿತು. ಬಳಸುತ್ತಿದ್ದವರಿಗೆ ಸಾಮಾನು ಕಟ್ಟಿಕೊಳ್ಳಲು ಸಿಕ್ಕಿದ್ದು ಆರು ತಿಂಗಳು. ಅದೇ ವರ್ಷದ ಕೊನೆಗೆ ಕೋಡಾ, ಇಂಗ್ಲಿಷ್ ಬರಹ ತಿದ್ದುವ ಗ್ರಾಮರ್ಲಿ ಕಂಪನಿಯ ಕೈಗೆ ಹೋಗುತ್ತದೆ ಅಂತ ಪ್ರಕಟ ಆಯಿತು. ಇವರು ಕೆಟ್ಟವರು ಅಂತ ಹೇಳುತ್ತಿಲ್ಲ. ಬಾಡಿಗೆ ಮನೆಗೆ ಹೋಗುವಾಗ ಅಗ್ರಿಮೆಂಟ್ ಓದುತ್ತೇವೆ ಅಲ್ವಾ, ಹಾಗೆ.

ಮಾಡುವುದು ಇಷ್ಟು. ಒಂದು ನಿಜವಾದ ಪುಟ ಮಾಡಿ. ಅದರಲ್ಲಿ ಕನ್ನಡದ ಎರಡು ಪ್ಯಾರಾ, ಎರಡು ಫೋಟೋ, ಒಂದು ಸಣ್ಣ ಟೇಬಲ್, ಇನ್ನೊಂದು ಪುಟಕ್ಕೆ ಲಿಂಕ್ ಇರಲಿ. ಈಗ ಎಕ್ಸ್‌ಪೋರ್ಟ್ (ಮಾಹಿತಿಯನ್ನು ಫೈಲ್ ಆಗಿ ಹೊರಗೆ ತೆಗೆಯುವ ಆಯ್ಕೆ) ಒತ್ತಿ. ಸಾಮಾನ್ಯವಾಗಿ ಬರಹಕ್ಕೆ ಮಾರ್ಕ್‌ಡೌನ್ (ಸರಳ ಅಕ್ಷರದ ಫೈಲ್) ಅಥವಾ ಎಚ್‌ಟಿಎಂಎಲ್ (ಬ್ರೌಸರ್‌ನಲ್ಲಿ ತೆರೆಯುವ ಪುಟ), ಟೇಬಲ್‌ಗೆ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಟ್ಟಿ), ಮುದ್ರಣಕ್ಕೆ ಪಿಡಿಎಫ್ ಸಿಗುತ್ತದೆ. ಬಂದ ಜಿಪ್ ಫೈಲನ್ನು ಆ ಆ್ಯಪ್ ಇಲ್ಲದ ಇನ್ನೊಂದು ಕಂಪ್ಯೂಟರ್‌ನಲ್ಲಿ ಬಿಚ್ಚಿ. ಬರಹ ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದಾ? ಫೋಟೋಗಳು ಜಿಪ್‌ನೊಳಗೇ ಇವೆಯಾ, ಅಥವಾ ಬರೀ ಲಿಂಕ್ ಬಂದಿದೆಯಾ? ಲಿಂಕ್ ಮಾತ್ರ ಬಂದಿದ್ದರೆ ಖಾತೆ ಮುಚ್ಚಿದ ದಿನ ಫೋಟೋಗಳೂ ಹೋದವು ಅಂತಲೇ ಲೆಕ್ಕ.

ಸಿಎಸ್‌ವಿ ಫೈಲಿನ ಬಗ್ಗೆ ಒಂದು ಮಾತು. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡವೆಲ್ಲ ವಿಚಿತ್ರ ಅಕ್ಷರ ಆಗಿ ಕಾಣಬಹುದು. ಗಾಬರಿ ಬೇಡ. ಖಾಲಿ ಶೀಟ್ ತೆರೆದು, ಡೇಟಾ ಮೆನುವಿನಿಂದ ಆ ಫೈಲನ್ನು ತರಿಸಿ, ಅಕ್ಷರಗಳ ಸಂಕೇತ ಪದ್ಧತಿ ಕೇಳುವಲ್ಲಿ ಯುಟಿಎಫ್-8 ಅಂತ ಆರಿಸಿ. ಆಗ ಸರಿಯಾಗಿ ಬಂದರೆ ಆ್ಯಪ್ ಪಾಸ್. ಆಗಲೂ ಬರದಿದ್ದರೆ ಇಲ್ಲೇ ನಿಲ್ಲಿಸಿ. ಮುಂದಿನ ಹಂತಗಳಿಗೆ ಸಮಯ ಹಾಕಬೇಡಿ.

ಹಂತ 3: ಮುಗಿದ ಒಂದು ಕೆಲಸವನ್ನು ಮತ್ತೆ ಕಟ್ಟಿ

ಹೊಸ ಕೆಲಸ ಬೇಡ, ಹೊಸದರಲ್ಲಿ ತಪ್ಪಾದರೆ ಗ್ರಾಹಕರಿಗೆ ತೊಂದರೆ. ಮುಗಿದ ಕೆಲಸ ತಗೊಂಡರೆ ಎಲ್ಲ ಉತ್ತರ ನಿಮಗೆ ಮೊದಲೇ ಗೊತ್ತು. ಆ್ಯಪ್ ಸರಿಯಾಗಿ ಹೇಳುತ್ತದಾ ಅಂತ ತಕ್ಷಣ ತಿಳಿಯುತ್ತದೆ. ನಾನು ಕೆಂಗೇರಿಯ ಆ ಫ್ಲ್ಯಾಟನ್ನೇ ತಗೊಂಡೆ.

ಆ್ಯಪ್ ಕೊಡುವ ಸಿದ್ಧ ಟೆಂಪ್ಲೇಟ್ ಬಳಸಬೇಡಿ. ಅದು ಬೇರೆ ಯಾರದೋ ಕೆಲಸದ ಅಳತೆಗೆ ಹೊಲಿದ ಅಂಗಿ. ಖಾಲಿ ಪುಟದಿಂದ ಎರಡೇ ಟೇಬಲ್ ಮಾಡಿ. ನಮ್ಮದರಲ್ಲಿ ಒಂದು "ಕೆಲಸಗಳು", ಇನ್ನೊಂದು "ಖರೀದಿ". ಖರೀದಿಯ ಪ್ರತಿ ಸಾಲನ್ನೂ ಯಾವ ಕೆಲಸಕ್ಕೆ ಸೇರಿದ್ದು ಅಂತ ಜೋಡಿಸಬೇಕು. ನೋಶನ್‌ನಲ್ಲಿ ಇದಕ್ಕೆ ರಿಲೇಶನ್ ಅನ್ನುತ್ತಾರೆ. ಹಾಗೆ ಜೋಡಿಸಿದ ಸಾಲುಗಳ ಮೊತ್ತ ಕೂಡಿಸಿ ತೋರಿಸುವುದಕ್ಕೆ ರೋಲಪ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ನೀವು ನೋಡಬೇಕಾದ್ದು ಒಂದೇ: 18 ಎಂಎಂ ಪ್ಲೈವುಡ್ 14 ಶೀಟ್, ಮೈಕಾ, ಹಿಂಜ್, ಚಾನಲ್ ಎಲ್ಲ ಬರೆದಾದಮೇಲೆ "ಕೆಂಗೇರಿ ಫ್ಲ್ಯಾಟ್" ಅನ್ನುವ ಸಾಲಿನ ಮುಂದೆ ಒಟ್ಟು ಖರ್ಚು ತಾನಾಗಿ ಬಂತಾ? ನಿಮ್ಮ ಹಳೆಯ ಲೆಕ್ಕದ ಜೊತೆ ಹೊಂದಿತಾ?

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಕೆಲಸಗಳ ಟೇಬಲ್‌ಗೆ 31 ಕಾಲಂ ಮಾಡಿದ್ದೆ. ಎಲ್ಲವೂ ಬೇಕು ಅನ್ನಿಸಿತ್ತು. ಒಂದು ವಾರ ಆದಮೇಲೆ ನೋಡಿದರೆ 22 ಕಾಲಂ ಖಾಲಿ. ಈಗ ಇರುವುದು 9. ಐದು ಪ್ರಶ್ನೆಗೆ ಉತ್ತರ ಕೊಡದ ಕಾಲಂ ತೆಗೆದುಬಿಡಿ.

ಆಮೇಲೆ ಗಡಿಯಾರ ಇಟ್ಟುಕೊಂಡು ಒಂದು ಬಿಲ್ ಹಾಕಿ ನೋಡಿ. ಫೋನ್ ತೆಗೆದು, ಫೋಟೋ ಹೊಡೆದು, ಮೊತ್ತ ಬರೆದು, ಯಾವ ಕೆಲಸ ಅಂತ ಆರಿಸುವವರೆಗೆ. ನನ್ನ ಅನುಭವದಲ್ಲಿ ಒಂದು ನಿಮಿಷ ದಾಟಿದರೆ ಯಾರೂ ಎರಡನೇ ವಾರ ಮಾಡುವುದಿಲ್ಲ. ಬಿಲ್ ಮತ್ತೆ ಬ್ಯಾಗ್ ಸೇರುತ್ತದೆ.

ಹಂತ 4: ಕನ್ನಡದಲ್ಲಿ ನಿಜವಾಗಿ ನಡೆಯುತ್ತದಾ?

ಇಂಗ್ಲಿಷ್‌ನಲ್ಲಿ ಬರುವ ಯಾವ ವಿಮರ್ಶೆಯಲ್ಲೂ ಇದು ಇರುವುದಿಲ್ಲ. ನಮಗೆ ಇದೇ ಮುಖ್ಯ. ಇದಕ್ಕೆ ಒಂದು ಪೂರ್ತಿ ಸಂಜೆ ಕೊಡಿ.

ಮೊದಲು ಹಳೆಯ ಕಡತಗಳು. ನಿಮ್ಮಲ್ಲಿ ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ದಾಖಲೆ ಇದ್ದರೆ, ಅದನ್ನು ನೇರ ಕಾಪಿ ಮಾಡಿ ಹಾಕಿದರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಹಳೆಯ ಫಾಂಟ್‌ಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಜಗತ್ತು ಒಪ್ಪಿದ ಸಂಕೇತ ಪದ್ಧತಿ) ಅಲ್ಲ, ಹಾಗಾಗಿ ಇದು ಆ್ಯಪ್‌ನ ತಪ್ಪೂ ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಹಾಕಿ.

ಎರಡನೆಯದು ಹುಡುಕಾಟ. ಇಲ್ಲಿ ಕನ್ನಡದ ಸ್ವಭಾವವೇ ಪರೀಕ್ಷೆ ಒಡ್ಡುತ್ತದೆ. ಪುಟದಲ್ಲಿ "ಬಾಗಿಲಿಗೆ ಹಿಂಜ್ ಹಾಕಬೇಕು" ಅಂತ ಬರೆದು, ಹುಡುಕುವಾಗ "ಬಾಗಿಲು" ಅಂತ ಕೊಡಿ. ಸಿಗದೇ ಇರಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ ಮಾತು, ಆದರೆ ಒಂದರಲ್ಲಿ "ಲು" ಇದೆ, ಇನ್ನೊಂದರಲ್ಲಿ "ಲಿ" ಇದೆ. ಈಗ ಕೊನೆಯ ಕೊಂಬು ಬಿಟ್ಟು "ಬಾಗಿಲ" ಅಂತ ಮಾತ್ರ ಕೊಟ್ಟು ನೋಡಿ. ಬಾಗಿಲು, ಬಾಗಿಲಿಗೆ, ಬಾಗಿಲಿನ ಎಲ್ಲವೂ ಬಂದರೆ ಒಳ್ಳೆಯದು, ಆ ಉಪಾಯ ಇಡೀ ತಂಡಕ್ಕೆ ಹೇಳಿಕೊಡಿ. ಹಾಗೆಯೇ "ಮನೆ" ಅಂತ ಹುಡುಕಿದಾಗ "ಅಡುಗೆಮನೆ" ಸಿಗುತ್ತದಾ ನೋಡಿ. ಕೆಲವು ಆ್ಯಪ್‌ಗಳು ಪದದ ಶುರುವನ್ನು ಮಾತ್ರ ನೋಡುತ್ತವೆ. ಹಾಗಿದ್ದರೆ "ಅಡುಗೆ ಮನೆ" ಅಂತ ಬಿಡಿಸಿ ಬರೆಯುವ ನಿಯಮ ಮಾಡಿಕೊಳ್ಳಬೇಕಾಗುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ಒಂದೇ ಥರ ಕಾಣುವ ಕನ್ನಡ ಅಕ್ಷರ ಒಳಗೆ ಬೇರೆ ಬೇರೆ ಥರ ಕೂತಿರಬಹುದು. "ಕೊ" ಅನ್ನುವುದರಲ್ಲಿ ಬರುವ ಒಕಾರಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ ಇದೆ, ಎರಡು ಬಿಡಿ ಸಂಕೇತ ಸೇರಿಸಿಯೂ ಅದೇ ರೂಪ ಬರುತ್ತದೆ. ಇನ್ನು ನಮ್ಮ ಕೆಲಸದಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ "ರ‍್ಯಾಕ್". ಇದನ್ನು ಹೀಗೆ ಪೂರ್ತಿ ರಕಾರ ಕಾಣುವಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಬೇಕು. ಅದಿಲ್ಲದಿದ್ದರೆ ಅರ್ಕಾವೊತ್ತು ಬಂದು "ರ್ಯಾಕ್" ಆಗುತ್ತದೆ. ಮೇಸ್ತ್ರಿಯ ಫೋನ್‌ನಲ್ಲಿ ಒಂದು ರೂಪ, ಆಫೀಸ್ ಕಂಪ್ಯೂಟರ್‌ನಲ್ಲಿ ಇನ್ನೊಂದು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಪರೀಕ್ಷೆ ಸುಲಭ: ಒಂದೇ ಹತ್ತು ಪದಗಳನ್ನು ಫೋನ್‌ನಲ್ಲೂ ಕಂಪ್ಯೂಟರ್‌ನಲ್ಲೂ ಟೈಪ್ ಮಾಡಿ, ಅಲ್ಲಿ ಬರೆದದ್ದನ್ನು ಇಲ್ಲಿ, ಇಲ್ಲಿ ಬರೆದದ್ದನ್ನು ಅಲ್ಲಿ ಹುಡುಕಿ. ಹೊಂದದ ಪದಗಳಿಗೆ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವ ಆಯ್ಕೆ ಇಟ್ಟುಬಿಡಿ. ನಾವು "ರ‍್ಯಾಕ್, ಲಾಫ್ಟ್, ವಾರ್ಡ್‌ರೋಬ್, ಶೂ ಸ್ಟ್ಯಾಂಡ್" ಎಲ್ಲವನ್ನೂ ಹಾಗೇ ಮಾಡಿದ್ದೇವೆ.

ಕೊನೆಗೆ ಪಿಡಿಎಫ್. ಗ್ರಾಹಕರಿಗೆ ಹೋಗುವ ಕೊಟೇಶನ್ ಅಲ್ವಾ, ಅದರಲ್ಲಿ ಒತ್ತಕ್ಷರ ಒಡೆದರೆ ನೋಡಲು ಆಗುವುದಿಲ್ಲ. "ಗ್ರಾನೈಟ್, ಅಡ್ವಾನ್ಸ್, ಸ್ಕ್ರೂ, ಕಾರ್ಪೆಂಟರ್, ಒಪ್ಪಿಗೆ" ಈ ಐದು ಪದ ಇರುವ ಪುಟ ಪಿಡಿಎಫ್ ಮಾಡಿ, ಮುದ್ರಿಸಿ ನೋಡಿ. ಬ್ರೌಸರ್‌ನ ಪ್ರಿಂಟ್‌ನಿಂದ ಮಾಡಿದ ಪಿಡಿಎಫ್ ಎಷ್ಟೋ ಸಲ ಆ್ಯಪ್‌ನ ಸ್ವಂತ ಪಿಡಿಎಫ್‌ಗಿಂತ ಚೆನ್ನಾಗಿ ಬರುತ್ತದೆ, ಅದನ್ನೂ ಪ್ರಯತ್ನಿಸಿ. ಒಂದು ಚಿಕ್ಕ ವಿಷಯ: ೧, ೨, ೩ ಅಂತ ಕನ್ನಡ ಅಂಕಿ ಬಳಸುವ ಅಭ್ಯಾಸ ಇದ್ದರೆ, ಸಂಖ್ಯೆಯ ಕಾಲಂನಲ್ಲಿ ಅದು ನಡೆಯುತ್ತದಾ ಅಂತ ಮೊದಲೇ ನೋಡಿ. ನಡೆಯದಿದ್ದರೆ ಮೊತ್ತ ಕೂಡುವುದಿಲ್ಲ.

ಹಂತ 5: ನೆಟ್‌ವರ್ಕ್ ಇಲ್ಲದಾಗ

ಬೆಂಗಳೂರು ಐಟಿ ನಗರ ನಿಜ. ಆದರೆ ಹೊಸ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ನಲ್ಲಿ, ಲಿಫ್ಟ್‌ನಲ್ಲಿ, ಇನ್ನೂ ಪ್ಲಾಸ್ಟರಿಂಗ್ ನಡೆಯುತ್ತಿರುವ ಕಾಂಕ್ರೀಟ್ ಗೋಡೆಗಳ ನಡುವೆ ಸಿಗ್ನಲ್ ಸಿಗುವುದು ಕಷ್ಟ. ನೇರಳೆ ಮಾರ್ಗದ ಮೆಟ್ರೋ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ಕಡೆ ಸುರಂಗದೊಳಗೆ ಹೋಗುವಾಗ ಪುಟ ಸುತ್ತುತ್ತಲೇ ಇರುತ್ತದೆ. ಬೆಸ್ಕಾಂ ಕರೆಂಟ್ ತೆಗೆದರೆ ಆಫೀಸ್‌ನ ವೈಫೈ ಕೂಡ ಹೋಗುತ್ತದೆ.

ಅಬ್ಸಿಡಿಯನ್, ಜಾಪ್ಲಿನ್, ಎನಿಟೈಪ್ ಇವು ಮಾಹಿತಿಯನ್ನು ಸಾಧನದಲ್ಲೇ ಇಡುವ ಜಾತಿ, ಇಲ್ಲಿ ಅವು ಗಟ್ಟಿ. ನೋಶನ್‌ಗೆ ಆಫ್‌ಲೈನ್ ಸೌಲಭ್ಯ ಬಂದದ್ದು 2025ರ ಆಗಸ್ಟ್‌ನಲ್ಲಿ, ಅಂದರೆ ಆ್ಯಪ್ ಹುಟ್ಟಿ ಎಷ್ಟೋ ವರ್ಷ ಆದಮೇಲೆ. ಬೇಕಾದ ಪುಟ ಆಫ್‌ಲೈನ್‌ಗೆ ಸಿಗುವಂತೆ ಗುರುತು ಮಾಡಿಟ್ಟುಕೊಂಡೇ ಆಫೀಸ್‌ನಿಂದ ಹೊರಡಿ.

ಪರೀಕ್ಷೆಗೆ ಎರಡು ಫೋನ್ ಬೇಕು. ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ಮೊದಲ ಫೋನ್‌ನಲ್ಲಿ ಒಂದು ಅಳತೆಯನ್ನು 9 ಅಡಿ 4 ಇಂಚು ಅಂತ ಬರೆಯಿರಿ. ಎರಡನೆಯದರಲ್ಲಿ ಅದೇ ಸಾಲನ್ನು 9 ಅಡಿ 6 ಇಂಚು ಮಾಡಿ. ಈಗ ಎರಡಕ್ಕೂ ನೆಟ್ ಕೊಡಿ. ಕೊನೆಗೆ ಯಾವುದು ಉಳಿಯಿತು? ಇಬ್ಬರೂ ಬೇರೆ ಬೇರೆ ಬರೆದಿದ್ದಾರೆ ಅಂತ ಆ್ಯಪ್ ಎಚ್ಚರಿಸಿತಾ, ಅಥವಾ ಒಂದನ್ನು ಸದ್ದಿಲ್ಲದೆ ಅಳಿಸಿತಾ? ಸದ್ದಿಲ್ಲದೆ ಅಳಿಸಿದರೆ, ಅಳತೆಯಂಥ ವಿಷಯಕ್ಕೆ ಅದನ್ನು ನಾನು ನಂಬುವುದಿಲ್ಲ.

ಹಂತ 6: ಮೇಸ್ತ್ರಿಯ ಕೈಗೆ ಕೊಡಿ

ತಂಡದಲ್ಲಿ ಆ್ಯಪ್‌ಗಳ ಜೊತೆ ಅತಿ ಕಡಿಮೆ ಒಡನಾಟ ಇರುವವರು ಯಾರು? ಅವರೇ ಪರೀಕ್ಷಕರು. ಉಳಿದವರೆಲ್ಲ ಹೇಗೋ ಕಲಿತುಕೊಳ್ಳುತ್ತಾರೆ.

ನಮ್ಮ ಮೇಸ್ತ್ರಿಗೆ ಮೂವತ್ತು ವರ್ಷದ ಕೆಲಸ ಗೊತ್ತು. ಫೋನ್ ಸಾಧಾರಣದ್ದು, ಮೆಮೊರಿ ತುಂಬಿದೆ, ಪರದೆಯ ಒಂದು ಮೂಲೆ ಒಡೆದಿದೆ. ಸೈಟ್‌ನಲ್ಲಿ ಅವರ ಕೈಗೆ ಫೆವಿಕಾಲ್ ಅಂಟಿರುತ್ತದೆ, ಹೊಟ್ಟಿನ ಧೂಳು ಇರುತ್ತದೆ. ನಾನು ಏನೂ ಹೇಳಿಕೊಡದೆ, "ಮೇಸ್ತ್ರಿ, ಇದರಲ್ಲಿ ಅಡುಗೆಮನೆ ಅಳತೆ ತೆಗೆದು ಕೊಡಿ ನೋಡೋಣ" ಅಂದೆ. ಆ್ಯಪ್ ತೆರೆದುಕೊಳ್ಳುವುದಕ್ಕೇ ಅವರು ಎರಡು ಸಲ ನನ್ನ ಮುಖ ನೋಡಿದರು. ಟೇಬಲ್ ಬಂತು, ಅಕ್ಷರ ಸಣ್ಣದು, ಬಲಕ್ಕೆ ಸರಿಸಬೇಕು ಅಂತ ತಿಳಿಯಲಿಲ್ಲ. ಹಿಂದಕ್ಕೆ ಒತ್ತಿದರು, ಆ್ಯಪ್ ಮುಚ್ಚಿಹೋಯಿತು. ಫೋನ್ ನನಗೆ ಕೊಟ್ಟು, "ಅಕ್ಕ, ಇಷ್ಟು ಹೊತ್ತಿಗೆ ಟೇಪ್ ಹಿಡಿದು ಇನ್ನೊಂದು ಸಲ ಅಳೀಬಹುದಿತ್ತು" ಅಂದರು. ಅವರು ಹೇಳಿದ್ದು ಸರಿ.

ಆಮೇಲೆ ನಾನು ಅವರಿಗಾಗಿ ಬೇರೆ ಒಂದು ನೋಟ ಮಾಡಿದೆ. ಇವತ್ತಿನ ಕೆಲಸ ಮಾತ್ರ. ಒಂದೊಂದು ಕೆಲಸಕ್ಕೂ ಒಂದು ದೊಡ್ಡ ಫೋಟೋ, ಕೆಳಗೆ ಅಳತೆ, ಅಷ್ಟೇ. ಅದರ ಶಾರ್ಟ್‌ಕಟ್ ಅನ್ನು ಫೋನ್‌ನ ಮೊದಲ ಪರದೆಯಲ್ಲಿ ಇಟ್ಟೆ. ಈಗ ಒಂದೇ ಒತ್ತಿಗೆ ಬರುತ್ತದೆ. ಇಂಥ ನೋಟ ಮಾಡಲು ಆ್ಯಪ್ ಬಿಡುತ್ತದಾ ಅನ್ನುವುದು ನಿಮ್ಮ ಪರೀಕ್ಷೆಯಲ್ಲಿ ಇರಲೇಬೇಕು. ಅವರು ಏನಾದರೂ ತಿಳಿಸಬೇಕಾದರೆ? ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರ ಮಾಡುವ ಕೀಬೋರ್ಡ್ ಫೋನ್‌ನಲ್ಲೇ ಇದೆ, ಅದರ ಮೈಕ್ ಒತ್ತಿ ಹೇಳಿದರೆ ಆಯಿತು. ಅಂಕಿಗಳನ್ನು ಮಾತ್ರ ಒಮ್ಮೆ ನೋಡಿ ಸರಿಪಡಿಸಬೇಕು.

ಹಂತ 7: ಯಾರು ಏನು ಬದಲಾಯಿಸಬಹುದು

ಕೆಂಗೇರಿಯ ಕಲ್ಲು ಹಾಳಾದದ್ದು ಇಲ್ಲಿ. ನಾಲ್ಕು ವಿಷಯ ನೋಡಿ.

ಒಪ್ಪಿಗೆ ಆದ ಪುಟಕ್ಕೆ ಬೀಗ ಹಾಕಬಹುದಾ? ಅಳತೆ ಅಂತಿಮ ಆದಮೇಲೆ ಅದನ್ನು ಎಲ್ಲರೂ ಓದಬೇಕು, ಒಬ್ಬರು ಮಾತ್ರ ತಿದ್ದಬೇಕು. ಎರಡನೆಯದು, ಹಳೆಯ ಪ್ರತಿಗಳು ಎಷ್ಟು ದಿನ ಉಳಿಯುತ್ತವೆ? ಇದು ಪ್ಲಾನ್ ಮೇಲೆ ನಿಂತಿರುತ್ತದೆ, ದರಪಟ್ಟಿಯ ಪುಟದಲ್ಲಿ ಪೇಜ್ ಹಿಸ್ಟರಿ ಅನ್ನುವ ಸಾಲಿನಲ್ಲಿ ಬರೆದಿರುತ್ತಾರೆ. ನಿಮ್ಮ ಒಂದು ಕೆಲಸ ಶುರುವಾಗಿ ಮುಗಿಯಲು ಎಷ್ಟು ದಿನ ಬೇಕೋ ಅಷ್ಟಾದರೂ ಇರಬೇಕು. ನಮಗೆ ಒಂದು ಮನೆಗೆ ಎರಡು ತಿಂಗಳು ಹಿಡಿಯುತ್ತದೆ, ಒಂದು ವಾರದ ಇತಿಹಾಸ ಏನೂ ಸಾಲದು. ಮೂರನೆಯದು, ಕೆಲಸ ಬಿಟ್ಟು ಹೋದವರ ಖಾತೆ ತೆಗೆದರೆ ಅವರು ಮಾಡಿದ ಪುಟಗಳು ಏನಾಗುತ್ತವೆ? ಒಂದು ಪರೀಕ್ಷಾ ಖಾತೆ ಮಾಡಿ, ಪುಟ ಬರೆದು, ಆ ಖಾತೆ ತೆಗೆದು ನೋಡಿ. ಮುಖ್ಯ ಖಾತೆ ಯಾವತ್ತೂ ಸಂಸ್ಥೆಯ ಇಮೇಲ್‌ನಲ್ಲಿ ಇರಲಿ, ಯಾರೋ ಒಬ್ಬರ ಸ್ವಂತ ಇಮೇಲ್‌ನಲ್ಲಿ ಬೇಡ. ಎರಡು ಹಂತದ ಲಾಗಿನ್ ಇದ್ದರೆ ಆವತ್ತೇ ಹಾಕಿ.

ನಾಲ್ಕನೆಯದು ಗ್ರಾಹಕರಿಗೆ ಕಳಿಸುವ ಲಿಂಕ್. ಎಷ್ಟೋ ಆ್ಯಪ್‌ಗಳಲ್ಲಿ ಪುಟವನ್ನು ಪಬ್ಲಿಕ್ ಮಾಡಿದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಆ ಪುಟದ ಕೆಳಗಿರುವ ಉಪಪುಟಗಳೂ ತೆರೆದುಕೊಳ್ಳುತ್ತವಾ ಅಂತ ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ನಿಮ್ಮ ಲಾಗಿನ್ ಇಲ್ಲದೆ ತೆರೆಯುವ ಖಾಸಗಿ ಕಿಟಕಿ) ನೋಡಿ. ಒಬ್ಬರ ಮನೆಯ ನಕ್ಷೆ, ಇನ್ನೊಬ್ಬರ ಬಾಕಿ ಲೆಕ್ಕ ಹೀಗೆ ಹೊರಗೆ ಹೋಗಬಾರದು. ಗ್ರಾಹಕರ ಆಧಾರ್ ಪ್ರತಿ, ಬ್ಯಾಂಕ್ ವಿವರ ಇವನ್ನು ಇಂಥ ಆ್ಯಪ್‌ನಲ್ಲಿ ಇಡಲೇಬೇಡಿ. ನಮ್ಮ ದೇಶದಲ್ಲಿ 2023ರಲ್ಲೇ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಆಗಿದೆ. ಕಾಯ್ದೆ ಇರಲಿ, ನಂಬಿ ಕೊಟ್ಟವರ ಮಾಹಿತಿ ಅದು.

ಹಂತ 8: ದುಡ್ಡಿನ ಲೆಕ್ಕ

ದರಪಟ್ಟಿಯಲ್ಲಿ ಕಾಣುವುದು ಒಬ್ಬರಿಗೆ ಒಂದು ತಿಂಗಳ ಬೆಲೆ. ಅದೂ ಎಷ್ಟೋ ಸಲ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದರೆ ಮಾತ್ರ ಸಿಗುವ ಬೆಲೆ. ಉದಾಹರಣೆಗೆ ಒಬ್ಬರಿಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. ಆರು ಜನಕ್ಕೆ 4,800. ಶೇಕಡ 18 ಜಿಎಸ್‌ಟಿ ಸೇರಿದರೆ 5,664. ವರ್ಷಕ್ಕೆ 67,968 ರೂಪಾಯಿ. ಬೆಲೆ ಡಾಲರ್‌ನಲ್ಲಿ ಇದ್ದರೆ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ, ಹೊರದೇಶದ ಕಂಪನಿಯ ಬಿಲ್‌ಗೆ ತೆರಿಗೆ ಹೇಗೆ ತೋರಿಸಬೇಕು ಅಂತ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿ.

ಇನ್ನೊಂದು ಪ್ರಾಯೋಗಿಕ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡ್‌ನಿಂದ ತಾನಾಗಿ ಕಡಿತ ಆಗುವ ಮೊತ್ತ 15,000 ರೂಪಾಯಿ ದಾಟಿದರೆ ಪ್ರತಿ ಸಲ ನೀವು ಒಟಿಪಿ ಕೊಟ್ಟು ಒಪ್ಪಬೇಕು. ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರುತ್ತದೆ. ವರ್ಷದ ಪ್ಲಾನ್ ತಗೊಂಡವರು ಆ ಸಂದೇಶ ಗಮನಿಸದಿದ್ದರೆ ನವೀಕರಣ ನಿಂತುಹೋಗುತ್ತದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ.

ಆರೂ ಜನಕ್ಕೆ ಪೂರ್ತಿ ಖಾತೆ ಬೇಕಾ ಅಂತಲೂ ಯೋಚಿಸಿ. ಮೇಸ್ತ್ರಿಗೆ ಓದುವ ಅವಕಾಶ ಸಾಕು ಅಂದರೆ ಅತಿಥಿಯಾಗಿ ಸೇರಿಸಬಹುದು, ಹಲವು ಆ್ಯಪ್‌ಗಳಲ್ಲಿ ಅದಕ್ಕೆ ದುಡ್ಡಿಲ್ಲ. ಉಚಿತ ಪ್ಲಾನ್‌ನಲ್ಲಿ ಕಡತದ ಗಾತ್ರಕ್ಕೂ ಮಿತಿ ಇರುತ್ತದೆ. ನೋಶನ್‌ನಲ್ಲಿ ಒಂದು ಫೈಲ್‌ಗೆ 5 ಎಂಬಿ. ಇವತ್ತಿನ ಫೋನ್‌ನ ಒಂದು ಫೋಟೋ ಅದಕ್ಕೇ ಹತ್ತಿರ ಬರುತ್ತದೆ, ವಿಡಿಯೋ ಅಂತೂ ಆಗುವುದೇ ಇಲ್ಲ.

ಎಐ ಸೌಲಭ್ಯದ ಬಗ್ಗೆ ಕೇಳುವವರು ಜಾಸ್ತಿ. ಅದೇ ಐದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಉತ್ತರದ ಜೊತೆ ಯಾವ ಪುಟದಿಂದ ತೆಗೆದದ್ದು ಅಂತ ತೋರಿಸಿದರೆ ಬಳಸಿ. ತೋರಿಸದಿದ್ದರೆ ಅಳತೆಗೆ, ದುಡ್ಡಿಗೆ ಅದನ್ನು ನಂಬಬೇಡಿ.

ಹಂತ 9: ಎರಡು ವಾರ ಜೊತೆಗೆ ನಡೆಸಿ, ಆಮೇಲೆ ತೀರ್ಮಾನ

ಈಗ ಒಂದು ಹೊಸ, ಚಿಕ್ಕ ಕೆಲಸ ತಗೊಳ್ಳಿ. ಹಳೆಯ ಪದ್ಧತಿಯೂ ಇರಲಿ, ಆ್ಯಪ್ ಕೂಡ ಇರಲಿ. ಪ್ರತಿ ಶನಿವಾರ ಸಂಜೆ ಎಲ್ಲರೂ ಕಾಫಿಗೆ ಕೂತು ಐದು ಪ್ರಶ್ನೆ ಕೇಳಿಕೊಳ್ಳಿ. ಆ್ಯಪ್‌ನಿಂದ ಉತ್ತರ ಬಂತಾ, ಅಥವಾ ಮತ್ತೆ ವಾಟ್ಸ್‌ಆ್ಯಪ್ ತೆರೆದಿರಾ? ವಾಟ್ಸ್‌ಆ್ಯಪ್ ತೆರೆದರೆ ಯಾರ ಮೇಲೂ ರೇಗಬೇಡಿ. ಯಾಕೆ ತೆರೆದರು ಅಂತ ಕೇಳಿ ಬರೆದುಕೊಳ್ಳಿ. ಎರಡು ವಾರದಲ್ಲಿ ನಿಮಗೆ ಸಿಗುವ ಅತ್ಯಂತ ಬೆಲೆಬಾಳುವ ಮಾಹಿತಿ ಅದೇ.

ಅಂಕ ಕೊಟ್ಟು ಸರಾಸರಿ ತೆಗೆಯುವ ಪದ್ಧತಿ ನನಗೆ ಒಪ್ಪುವುದಿಲ್ಲ. ಬಣ್ಣ ಚೆನ್ನಾಗಿದ್ದಕ್ಕೆ ಹತ್ತು ಅಂಕ ಬಂದು, ಎಕ್ಸ್‌ಪೋರ್ಟ್ ಕೆಟ್ಟದ್ದನ್ನು ಅದು ಮುಚ್ಚಿಬಿಡುತ್ತದೆ. ನಾನು ಮೂರು ಕಡೆ ಮಾತ್ರ ಕಟ್ಟುನಿಟ್ಟು: ಮಾಹಿತಿ ಪೂರ್ತಿ ಹೊರಗೆ ಬರಬೇಕು, ಸಿಗ್ನಲ್ ಇಲ್ಲದಾಗ ಅಳತೆ ಕಾಣಬೇಕು, ಮೇಸ್ತ್ರಿ ಯಾರ ಸಹಾಯವೂ ಇಲ್ಲದೆ ತೆರೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಬೇಡ. ಉಳಿದದ್ದರಲ್ಲಿ ಹೊಂದಿಕೊಳ್ಳಬಹುದು.

ಒಬ್ಬರೇ ಬರೆಯುವವರು, ಓದುವವರು, ಸಂಶೋಧನೆ ಮಾಡುವವರು ಆದರೆ ಅಬ್ಸಿಡಿಯನ್ ಥರದ್ದರಿಂದ ಶುರು ಮಾಡಿ ಅಂತ ಹೇಳುತ್ತೇನೆ. ಫೈಲ್‌ಗಳು ನಿಮ್ಮ ಹತ್ತಿರವೇ ಇರುತ್ತವೆ. ನಾಲ್ಕಾರು ಜನ ಸೇರಿ ಒಂದೇ ಪಟ್ಟಿ ನೋಡಿ ಕೆಲಸ ಮಾಡುವುದಾದರೆ ನೋಶನ್ ಥರದ್ದು ಹೊಂದುತ್ತದೆ. ಮತ್ತೆ, ಎಲ್ಲವೂ ಒಂದೇ ಕಡೆ ಅಂತ ಅವರು ಹೇಳಿದ ಮಾತ್ರಕ್ಕೆ ಎಲ್ಲವನ್ನೂ ಅಲ್ಲಿಗೇ ಸಾಗಿಸಬೇಕಿಲ್ಲ. ನಮ್ಮ ಜಿಎಸ್‌ಟಿ ಲೆಕ್ಕ ನಮ್ಮೂರಿನದೇ ಆದ ಟ್ಯಾಲಿಯಲ್ಲಿ ಇದೆ, ಅಲ್ಲೇ ಇರುತ್ತದೆ. ಅದನ್ನು ಕದಲಿಸುವ ಕಾರಣ ನನಗೆ ಕಂಡಿಲ್ಲ.

ಆರಿಸಿದಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಪ್ರತಿ ತಿಂಗಳ ಮೊದಲ ಶನಿವಾರ ನಮ್ಮ ಲೆಕ್ಕದ ಹುಡುಗ ಇಡೀ ಖಾತೆಯನ್ನು ಎಕ್ಸ್‌ಪೋರ್ಟ್ ಮಾಡಿ, ತಾರೀಖು ಹಾಕಿ ಹಾರ್ಡ್ ಡಿಸ್ಕ್‌ಗೆ ಇಳಿಸುತ್ತಾನೆ. ಆಮೇಲೆ ಅದರಿಂದ ಯಾವುದಾದರೂ ಒಂದು ಮನೆಯ ಪುಟ ತೆರೆದು, ಅಡುಗೆಮನೆ ಕಟ್ಟೆಯ ಅಳತೆಯನ್ನು ಗಟ್ಟಿಯಾಗಿ ಓದುತ್ತಾನೆ. ಮೇಸ್ತ್ರಿ ತಮ್ಮ ಫೋನ್ ತೆಗೆದು ಹೊಂದಿಸಿ ನೋಡುತ್ತಾರೆ. ಹೋದ ತಿಂಗಳು ಓದಿದ್ದು ಕೆಂಗೇರಿಯದು: 9 ಅಡಿ 4 ಇಂಚು.